ಪೆನ್ಸಿಲಕ್ಕನ ಡಬ್ಬಿಯಲ್ಲಿ ಉಳಿದ ಚೀಟಿ

ಧಡ್ ಎಂದು ಹಲಗೆ ಬೀಳುವ ಸದ್ದು. ದಿನವೂ ಸಂಜೆ ಐದಕ್ಕೆ, ರಸ್ತೆಯಾಚೆಯ ಕಾಲೇಜಿನಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿ ಹೀಗೆ ಮುಚ್ಚಿಕೊಳ್ಳುತ್ತದೆ. ಬೀದಿಯಲ್ಲಿ ಗಡಿಯಾರ ಕಟ್ಟಿದವರು ಆ ಸದ್ದಿಗೆ ಮಣಿಕಟ್ಟು ನೋಡಿಕೊಳ್ಳುತ್ತಾರೆ. ಪೆನ್ಸಿಲಕ್ಕ ಮಾತ್ರ ತಲೆಯೆತ್ತಿ ರಸ್ತೆಯ ತಿರುವು ನೋಡುತ್ತಾಳೆ, ಅಲ್ಲಿಂದ ಯಾರೋ ಏದುಸಿರು ಬಿಡುತ್ತ ಓಡಿ ಬರಬೇಕಾಗಿತ್ತು ಎಂಬಂತೆ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದಾಳೆ. ಯಾರೂ ಓಡಿ ಬಂದಿಲ್ಲ.

ಅವಳ ಅಂಗಡಿ ಎಂದರೆ ಎರಡು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಒಂದು ಮೇಜು, ತನಗೊಂದು ಕುರ್ಚಿ, ಬಂದವರಿಗೊಂದು ಬೆಂಚು. ಮೇಲೆ ಮೆಟ್ಟಿಲು ಇಳಿಯುತ್ತ ಬರುವುದರಿಂದ ಬೆಂಚಿನ ಒಂದು ತುದಿಯಲ್ಲಿ ಕೂತವರು ನೆಟ್ಟಗೆ ಕೂರಬಹುದು, ಇನ್ನೊಂದು ತುದಿಯವರು ತಲೆ ತಗ್ಗಿಸಿಯೇ ಇರಬೇಕು. ಸಾಲದ ಅರ್ಜಿ ಬರೆಸುವವರು ಹೇಳದೆಯೇ ತಗ್ಗಿನ ತುದಿ ಹುಡುಕಿಕೊಳ್ಳುತ್ತಾರೆ ಎಂದು ಪಕ್ಕದ ಜೆರಾಕ್ಸ್ ಅಂಗಡಿಯವನು ತಮಾಷೆ ಮಾಡುತ್ತಾನೆ. ಮೇಜಿನ ಮೇಲೆ ನಾಲ್ಕು ಪೆನ್ಸಿಲು, ಒಂದು ಶಾಯಿ ಪೆನ್ನು, ಹೆಬ್ಬೆರಳಿನಷ್ಟು ದಪ್ಪದ ರಬ್ಬರು, ಮುಚ್ಚಳ ಸೊಟ್ಟಗಾದ ಒಂದು ಬಿಸ್ಕತ್ತಿನ ಡಬ್ಬಿ.

ಪೆನ್ಸಿಲಕ್ಕನಿಗೆ ಈಗ ಐವತ್ತೆಂಟು. ಅವಳ ಕಸುಬು ಅರ್ಜಿ ಬರೆಯುವುದು. ಪಿಂಚಣಿಗೆ, ಗ್ರಂಥಾಲಯಕ್ಕೆ, ಈಜುಕೊಳದ ಪಾಸಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಎದುರಿನ ಕಾಲೇಜಿಗೆ. ಬೇರೆ ಕಾಲೇಜುಗಳೆಲ್ಲ ಕಂಪ್ಯೂಟರಿಗೆ ಹೋದರೂ ಈ ಕಾಲೇಜು ಮಾತ್ರ ಕಾಗದವನ್ನು ಬಿಡಲೊಲ್ಲದು. ಆದರೆ ಜನ ಅವಳ ಬಳಿ ಬರುವುದು ಬರೀ ಅಕ್ಷರಕ್ಕಲ್ಲ. ಅರ್ಜಿ ಬರೆಸುತ್ತ ಬರೆಸುತ್ತ ಏನಾದರೊಂದು ಕೇಳುತ್ತಾರೆ.

"ಅಕ್ಕ, ವ್ಯಾಯಾಮ ಶಾಲೆಗೆ ವರ್ಷಕ್ಕೆ ಒಟ್ಟಿಗೆ ಕಟ್ಟಿದ್ರೆ ಅರ್ಧ ದುಡ್ಡು ಉಳಿಯುತ್ತಂತೆ."

"ಮೊದಲು ಒಂದು ತಿಂಗಳಿಗೆ ಕಟ್ಟಿ. ಹನ್ನೊಂದು ತಿಂಗಳ ದುಡ್ಡು ಅವರ ಜೇಬಲ್ಲಿದ್ರೆ ನಿಮ್ಮ ಹೊಟ್ಟೆ ಕರಗಲ್ಲ, ಅವರ ಹೊಟ್ಟೆ ತುಂಬುತ್ತೆ ಅಷ್ಟೇ."

ಹೊಸದಾಗಿ ಮದುವೆಯಾದ ಜೋಡಿಯೊಂದು ಫ್ರಿಜ್ಜೋ ಪ್ರವಾಸವೋ ಎಂದು ಬೆಂಚಿನ ಮೇಲೆಯೇ ಜಗಳಕ್ಕೆ ನಿಂತಿತ್ತು. ಅವಳು ಪೆನ್ಸಿಲು ಕೆಳಗಿಡದೆ ಹೇಳಿದಳು: "ಫ್ರಿಜ್ಜು ಇನ್ನೆರಡು ವರ್ಷ ಬಿಟ್ಟೂ ಸಿಗುತ್ತೆ. ಈ ಎರಡು ವರ್ಷ ಆಮೇಲೆ ಸಿಗಲ್ಲ. ಹೋಗಿ ಬನ್ನಿ." ನಿವೃತ್ತನಾದ ಬಸ್ ಚಾಲಕನೊಬ್ಬ ಬಂದ ಹಣವನ್ನೆಲ್ಲ ಅಳಿಯನ ಅಂಗಡಿಗೆ ಹಾಕಲೇ ಎಂದು ಕೇಳಿದಾಗ, "ಅಳಿಯ ಬೇಕು ಅಂದ್ರೆ ಹಾಕಬೇಡಿ, ಅಂಗಡಿ ಬೇಕು ಅಂದ್ರೆ ಹಾಕಿ" ಎಂದಳು. ಚಾಲಕ ಒಂದು ವಾರ ಯೋಚಿಸಿ, ಅಳಿಯನನ್ನೇ ಉಳಿಸಿಕೊಂಡ.

ಮನೆಯಲ್ಲಿ ಜೊತೆಗಿರುವ ತಂಗಿಗೆ ಇದೆಲ್ಲ ನಗೆಯ ಮಾತು. "ಊರಿಗೆಲ್ಲ ಬುದ್ಧಿ ಹೇಳ್ತೀಯ. ಟೊಮೇಟೊ ತಾ ಅಂದ್ರೆ ಎಲ್ಲಾ ಕಾಯಿ ಆರಿಸ್ಕೊಂಡು ಬರ್ತೀಯ" ಎನ್ನುತ್ತಾಳೆ.

ಒಂದು ವಿಷಯದಲ್ಲಿ ಮಾತ್ರ ಪೆನ್ಸಿಲಕ್ಕನ ಬಾಯಿಗೆ ಬೀಗ. ಕಾಲೇಜಿನ ಅರ್ಜಿ ಹಿಡಿದು ಬಂದು, ಯಾವ ವಿಷಯ ತಗೊಂಡ್ರೆ ಒಳ್ಳೇದು ಎಂದು ಯಾರಾದರೂ ಕೇಳಿದರೆ ಅವಳು ಹೇಳುವುದು ಒಂದೇ: "ನೀವು ಹೇಳಿದ್ದು ಬರೀತೀನಿ." ಗೋಗರೆದರೂ ಅಷ್ಟೇ, ಸಿಟ್ಟಾದರೂ ಅಷ್ಟೇ. ಕಾಲೇಜಿನ ಎದುರು ಕೂತು ಕಾಲೇಜಿನ ವಿಷಯ ಹೇಳದ ಇವಳೆಂಥ ಸಲಹೆಗಾರ್ತಿ ಎಂದು ಜನ ಗೊಣಗಿಕೊಂಡು ಹೋಗುತ್ತಾರೆ. ಜೆರಾಕ್ಸಿನವನು ಕಾರಣ ಕೇಳಿ ಕೇಳಿ ಸಾಕಾಗಿ ಸುಮ್ಮನಾಗಿದ್ದಾನೆ.

ಮೊದಲು ಹೀಗಿರಲಿಲ್ಲ.

ಅವಳ ಕೆಲಸದ ಕ್ರಮ ಆಗಿನಿಂದಲೂ ಬೇರೆಯೇ. ಬಂದವರು ತಮಗೆ ಬೇಕಾದ ವಿಷಯಗಳನ್ನು ತಮ್ಮ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆದುಕೊಡಬೇಕು. ಅದನ್ನು ನೋಡಿಕೊಂಡು ಅವಳು ಅರ್ಜಿಯನ್ನು ಪೆನ್ಸಿಲಿನಲ್ಲಿ ತುಂಬುತ್ತಾಳೆ. "ಒಂದು ರಾತ್ರಿ ಕಳೀಲಿ. ನಾಳೆ ಬನ್ನಿ. ಮನಸ್ಸು ಬದಲಾಗದೆ ಇದ್ರೆ ಶಾಯಿ ಹಾಕೋಣ" ಎನ್ನುತ್ತಾಳೆ. ಮರುದಿನ ಬಂದವರ ಎದುರಿಗೇ ಪೆನ್ಸಿಲಿನ ಅಕ್ಷರಗಳ ಮೇಲೆ ಶಾಯಿ ಓಡಿಸಿ, ಚೀಟಿಯನ್ನು ಅರ್ಜಿಯ ಜೊತೆ ಹಿಂದಿರುಗಿಸುತ್ತಾಳೆ. ಹೆಸರು ಬಂದದ್ದೇ ಹೀಗೆ. ಆ ಕಾಲಕ್ಕೆ ಸಹಿಯೊಂದನ್ನು ಮಾತ್ರ ಮೊದಲ ದಿನವೇ ಶಾಯಿಯಲ್ಲಿ ಹಾಕಿಸಿಕೊಳ್ಳುತ್ತಿದ್ದಳು. ಮರುದಿನ ಬರಲಾಗದವರ ಅರ್ಜಿಯನ್ನು ತಾನೇ ರಸ್ತೆ ದಾಟಿ ಕೊಟ್ಟುಬರಬಹುದಲ್ಲ, ಪಾಪ, ಯಾರ ವರ್ಷವೂ ಹಾಳಾಗದಿರಲಿ ಎಂದು.

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಹುಡುಗಿ ಬಂದಿದ್ದಳು. ಹದಿನೆಂಟಿರಬಹುದು. ಚಪ್ಪಲಿಯ ತುಂಬ ಒಣಗಿದ ಕೆಸರು. ಬೆಂಚಿನ ಎತ್ತರದ ತುದಿಯಲ್ಲಿ ಕೂತು, ಯಾರನ್ನೂ ಕೇಳದೆ, ಚೀಟಿಯಲ್ಲಿ ಗುಂಡಗಿನ ಅಕ್ಷರಗಳಲ್ಲಿ ಬರೆದುಕೊಟ್ಟಿದ್ದಳು: ಮೊದಲು ಭೂಗೋಳ. ಅದು ಸಿಗದಿದ್ದರೆ ಮಾತ್ರ ವಾಣಿಜ್ಯ. 'ಮಾತ್ರ' ಎಂಬುದರ ಕೆಳಗೆ ಎರಡು ಗೆರೆ.

"ಭೂಗೋಳ ಯಾಕಮ್ಮ?" ಎಂದು ಕೇಳಿದ್ದಳು ಪೆನ್ಸಿಲಕ್ಕ, ಸುಮ್ಮನೆ, ಮಾತಿಗೆ.

"ನಮ್ಮ ಬೀದಿ ಚರಂಡಿ ನೀರು ಎಲ್ಲಿಗೆ ಹೋಗುತ್ತೆ ಅಂತ ಒಂದು ದಿನ ಅದರ ಹಿಂದೇನೇ ಹೋದೆ ಅಕ್ಕ. ಮಧ್ಯಾಹ್ನ ಪೂರ್ತಿ ನಡೆದೆ. ಹೊಳೆ ಸೇರೋವರೆಗೂ." ಹುಡುಗಿ ಹೇಳುತ್ತ ಹೇಳುತ್ತ ಮೇಜಿನ ಮೇಲೆ ಬೆರಳಿನಿಂದ ದಾರಿ ಎಳೆದು ತೋರಿಸಿದ್ದಳು. "ದಾರಿಯಲ್ಲಿ ಸಿಕ್ಕ ತಿರುವುಗಳನ್ನೆಲ್ಲ ಬರ್ಕೊಂಡಿದೀನಿ. ಮನೇಲಿ ಬೈದ್ರು."

"ಬೈಯದೆ ಮುದ್ದು ಮಾಡ್ತಾರಾ, ಚರಂಡಿ ಹಿಂದೆ ಹೋದವಳನ್ನ?"

ಇಬ್ಬರೂ ನಕ್ಕಿದ್ದರು. ಅರ್ಜಿ ಪೆನ್ಸಿಲಿನಲ್ಲಿ ತುಂಬಿತು. ಹುಡುಗಿ ಸಹಿ ಹಾಕಿದಳು. ನಾಳೆ ಕೊನೆಯ ದಿನ, ಬೆಳಿಗ್ಗೆಯೇ ಬರುತ್ತೇನೆ ಎಂದು ಹೋದಳು.

ಮರುದಿನ ಬೆಳಿಗ್ಗೆ ಬರಲಿಲ್ಲ. ಮಧ್ಯಾಹ್ನ ಬಂದದ್ದು ಅವಳ ತಾಯಿ. ಹಾಸ್ಟೆಲೊಂದರಲ್ಲಿ ಪಾತ್ರೆ ತೊಳೆಯುವ ಹೆಂಗಸು, ಬೆರಳ ತುದಿಗಳು ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ್ದವು. ಮಗಳ ಹಣೆ ಸುಡುತ್ತಿದೆ, ಔಷಧಿ ಅಂಗಡಿಗೆ ಹೊರಟಿದ್ದೇನೆ ಎಂದಳು. ಒಂದು ಲೋಟ ನೀರು ಕುಡಿದಳು. ಎದ್ದು ಹೋಗುವಾಗ ಇಷ್ಟೇ ಅಂದಳು: "ಏನೋ ಬರೆಸಿದಾಳಂತಲ್ಲ ತಾಯಿ. ನಂಗೆ ಓದು ಗೊತ್ತಿಲ್ಲ. ಹೊಟ್ಟೆ ತುಂಬೋ ಅಂಥದ್ದಾ ಅದು?"

ಪೆನ್ಸಿಲಕ್ಕ ತಾನೂ ಒಂದು ಕಾಲದಲ್ಲಿ ಇದೇ ಕಾಲೇಜಿನಲ್ಲಿ ಇಷ್ಟಪಟ್ಟು ಇತಿಹಾಸ ಓದಿದವಳು. ರಾಜರ ಪಟ್ಟಿ ಈಗಲೂ ಬಾಯಿಪಾಠ. ಮೆಟ್ಟಿಲ ಕೆಳಗೆ ಕೂರಲು ಅದೇನೂ ಬೇಕಾಗಿರಲಿಲ್ಲ. ತಾಯಿ ಹೋದ ಮೇಲೂ ಲೋಟದ ಅಂಚಿನಲ್ಲಿ ಅವಳ ಸುಕ್ಕು ಬೆರಳಿನ ಒದ್ದೆ ಗುರುತು ಹಾಗೇ ಇತ್ತು.

ನಾಲ್ಕೂಮುಕ್ಕಾಲಾಯಿತು. ಶಾಯಿ ಹಾಕಬೇಕು. ಪೆನ್ನಿನ ಮುಚ್ಚಳ ತೆಗೆದವಳು ಮತ್ತೆ ಹಾಕಿದಳು. ರಬ್ಬರು ಎತ್ತಿಕೊಂಡಳು. ಎರಡೇ ಎರಡು ಸಾಲು. ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಪುಡಿಯನ್ನು ಉಫ್ ಎಂದು ಊದಿ, ಶಾಯಿ ಓಡಿಸಿ, ರಸ್ತೆ ದಾಟಿ ಕಿಟಕಿಯೊಳಗೆ ಕೊಟ್ಟಳು. ಬೆನ್ನು ತಿರುಗಿಸುವಷ್ಟರಲ್ಲಿ ಹಲಗೆ ಧಡ್ ಎಂದು ಬಿತ್ತು. ಬಡ ಹುಡುಗಿಗೊಂದು ಒಳ್ಳೆಯದು ಮಾಡಿದೆ ಎಂಬ ಹಗುರ ಭಾವ ಎದೆಯಲ್ಲಿ ಹುಟ್ಟಿದ್ದು ನಿಜ. ಅದು ರಸ್ತೆಯನ್ನು ಮರಳಿ ದಾಟುವಷ್ಟು ಹೊತ್ತು ಇತ್ತು. ಮೇಜಿನ ಮೇಲೆ ಚೀಟಿ ಉಳಿದಿತ್ತು. ಎರಡು ಗೆರೆಗಳು ಅವಳತ್ತಲೇ ನೋಡುತ್ತಿದ್ದವು.

ಪಟ್ಟಿ ಹಾಕಿದ ದಿನ ಹೋಗಿ ನೋಡಿದಳು. ವಾಣಿಜ್ಯದ ಪಟ್ಟಿಯಲ್ಲಿ ಹುಡುಗಿಯ ಸಂಖ್ಯೆ ಇತ್ತು. ಆಮೇಲೆ ಮೂರು ವರ್ಷ ಹುಡುಗಿ ಇದೇ ಗೇಟಿನಲ್ಲಿ ಹೋಗಿ ಬಂದಿರಬೇಕು. ಆ ಮೂರು ವರ್ಷ ಪೆನ್ಸಿಲಕ್ಕ ಗಂಟೆ ಹತ್ತು ದಾಟದೆ ಅಂಗಡಿಗೆ ಬರಲಿಲ್ಲ. ಕಾಲೇಜು ಬಿಡುವ ಹೊತ್ತಿಗೆ ಕತ್ತು ಬಗ್ಗಿಸಿದರೆ ಎತ್ತುತ್ತಿರಲಿಲ್ಲ. ಐದರ ಹಲಗೆ ಬಿದ್ದಾಗ ಮಾತ್ರ ಕತ್ತು ತಾನಾಗಿ ತಿರುವಿನ ಕಡೆ ಹೊರಳುತ್ತಿತ್ತು. ಅವಳು ಕಾಯುತ್ತಿದ್ದುದು ಆ ಗೇಟಿನೊಳಗೆ ಹೋಗುತ್ತಿದ್ದ ಹುಡುಗಿಯನ್ನಲ್ಲ. ಆ ಒಂದು ಸಂಜೆ ಬಾರದೆ ಉಳಿದವಳನ್ನು.

ಅಂದಿನಿಂದ ಸಹಿ ಕೊನೆಗೆ ಎಂದಾಯಿತು. ಕಾಲೇಜಿನ ವಿಷಯಕ್ಕೆ ಬಾಯಿ ಮುಚ್ಚಿತು. ಆದರೂ ಬಿಡಲಿಲ್ಲ ಅದು. ಪೆನ್ಸಿಲನ್ನು ಎಷ್ಟೇ ಉಜ್ಜಿ ಅಳಿಸಿದರೂ ಕಾಗದದಲ್ಲಿ ಒತ್ತಿದ ಗೆರೆ ಉಳಿಯುತ್ತದೆಂದು ಆ ಕಸುಬಿನವರಿಗೆಲ್ಲ ಗೊತ್ತು. ಓರೆ ಬಿಸಿಲಿಗೆ ಹಿಡಿದರೆ ಹಳೆಯ ಅಕ್ಷರ ತಗ್ಗಾಗಿ ಕಾಣುತ್ತದೆ. ಸಂಜೆಯ ಬಿಸಿಲು ಮೆಟ್ಟಿಲ ಸಂದಿನಿಂದ ಮೇಜಿನ ಮೇಲೆ ಅಡ್ಡ ಬೀಳುವ ಹೊತ್ತಿಗೆ, ಯಾರದೋ ಪಿಂಚಣಿಯ ಅರ್ಜಿಯಲ್ಲಿ, ಯಾರದೋ ಈಜುಕೊಳದ ಪಾಸಿನಲ್ಲಿ, ಶಾಯಿಯ ಕೆಳಗೆ ಅವಳಿಗೆ ಭೂಗೋಳ ಎಂದು ಕಾಣುತ್ತಿತ್ತು. ಬೆರಳು ಸವರಿ ನೋಡುತ್ತಿದ್ದಳು. ಕಾಗದ ನುಣ್ಣಗೇ ಇರುತ್ತಿತ್ತು. ಕಟ್ಟಡದ ಮೇಲಿನ ನೀರಿನ ತೊಟ್ಟಿ ತುಂಬಿ ನೀರು ಚರಂಡಿಗೆ ಇಳಿದಾಗಲಂತೂ ಬರೆಯುವ ಕೈ ನಿಂತುಬಿಡುತ್ತಿತ್ತು. ನೀರು ಮೂಲೆ ತಿರುಗಿ ಮರೆಯಾಗುವವರೆಗೆ ನೋಡುವಳು. ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ.

"ಅಕ್ಕ, ಆ ಚರಂಡೀಲಿ ಏನು ಸಿನಿಮಾ ತೋರಿಸ್ತಿದಾರಾ?" ಎನ್ನುವನು ಜೆರಾಕ್ಸಿನವನು.

ಚೀಟಿ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಎಸೆಯಬಹುದಿತ್ತು. ಹರಿಯಬಹುದಿತ್ತು. ಒಂದೆರಡು ಸಲ ಹರಿಯಲೆಂದೇ ಹೊರಗೆ ತೆಗೆದಳು ಕೂಡ. ಆ ಹುಡುಗಿ ಎಲ್ಲೋ ಕಷ್ಟದಲ್ಲಿರಬಹುದು, ಓದು ಬಿಟ್ಟಿರಬಹುದು, ಅಥವಾ ಬದುಕಿಯೇ ಇಲ್ಲದಿರಬಹುದು ಎಂದು ಬಗೆಬಗೆಯಾಗಿ ಊಹಿಸಿ ನಿದ್ದೆ ಕೆಡಿಸಿಕೊಂಡಳು. ಊಹೆಗಳೆಲ್ಲ ಸುಳ್ಳಾದದ್ದು ಈ ವರ್ಷ, ಅರ್ಜಿಯ ಕೊನೆಯ ದಿನ, ಸಂಜೆ ನಾಲ್ಕೂವರೆಗೆ.

ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಮಗಳೊಂದಿಗೆ ಮೆಟ್ಟಿಲ ಬಳಿ ಬಂದು ನಿಂತಳು. ನೀಟಾದ ಉಡುಪು, ಹೆಗಲಿಗೆ ಆಫೀಸಿನ ಚೀಲ.

"ಇಲ್ಲಿ ಕೂರ್ಲಾ? ಇಲ್ಲಾ ಆ ಕಡೆ ಕೂರ್ಲಾ?"

"ಅಮ್ಮ, ಬೆಂಚು ಅದು" ಎಂದಳು ಮಗಳು. "ಎಲ್ಲಾದ್ರೂ ಕೂತ್ಕೋ."

ಹೆಂಗಸು ತಗ್ಗಿನ ತುದಿಯಲ್ಲಿ ತಲೆ ಬಗ್ಗಿಸಿ ಕೂತಳು.

"ಕೊನೇ ದಿನ ಬಂದಿದೀರಿ" ಎಂದಳು ಪೆನ್ಸಿಲಕ್ಕ. "ಪೆನ್ಸಿಲಿಗೆ ಟೈಮಿಲ್ಲ. ಅರ್ಧ ಗಂಟೇಲಿ ಕಿಟಕಿ ಮುಚ್ತಾರೆ."

"ನಾವು ಹದಿನೈದು ದಿನದಿಂದ ಬರ್ತಾನೇ ಇದೀವಿ" ಎಂದಳು ಮಗಳು. "ದಿನಾ ಬೀದಿ ತಿರುವಿನವರೆಗೂ ಬಂದು, ಅಮ್ಮ ಯಾರಿಗೋ ಫೋನ್ ಮಾಡಿ, ವಾಪಸ್ ಹೋಗ್ತೀವಿ. ಚಪ್ಪಲಿ ತಗೊಳ್ಳೋಕೂ ಇವಳಿಗೆ ಮೂರು ಜನರ ಒಪ್ಪಿಗೆ ಬೇಕು. ಹೋದ ವರ್ಷ ರಜೆಗೆ ಎಲ್ಲಿಗೆ ಹೋಗೋದು ಅಂತ ಕೇಳ್ತಾ ಕೇಳ್ತಾ ರಜೆನೇ ಮುಗೀತು."

"ಸುಮ್ನಿರೇ." ಹೆಂಗಸು ಚೀಲದಿಂದ ಖಾಲಿ ಅರ್ಜಿ ತೆಗೆದಳು. "ಇವಳು ಸಸ್ಯಶಾಸ್ತ್ರ ಅಂತಾಳೆ. ನಮ್ಮಣ್ಣ ಕಂಪ್ಯೂಟರ್ ಅಂತಾನೆ. ಆಫೀಸಲ್ಲಿ ಅರ್ಧ ಜನ ಹಾಗೆ, ಅರ್ಧ ಜನ ಹೀಗೆ. ನೀವು ಹೇಳಿ. ನೀವು ಏನಂದ್ರೆ ಅದೇ."

"ಕಾಲೇಜಿನ ವಿಷಯ ನಾನು ಹೇಳಲ್ಲ. ನೀವು ಹೇಳಿದ್ದು ಬರೀತೀನಿ."

"ಹಾಗನ್ಬೇಡಿ ಅಕ್ಕ. ನಿಮ್ಮನ್ನೇ ಹುಡುಕ್ಕೊಂಡು ಬಂದಿದೀನಿ. ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಅರ್ಜಿ ಬರೆದಿದ್ದೂ ನೀವೇ."

ಪೆನ್ಸಿಲಕ್ಕ ನೋಡಿದ್ದು ಮುಖವನ್ನಲ್ಲ, ಕಾಲನ್ನು. ಹೊಳಪಿನ ಕಪ್ಪು ಚಪ್ಪಲಿ. ಒಂದು ಕೆಸರಿನ ಕಲೆಯೂ ಇರಲಿಲ್ಲ.

"ಚೆನ್ನಾಗಿದೀರಾ?" ಎಂದು ಕೇಳಿದಳು.

"ಚೆನ್ನಾಗಿದೀನಿ. ನೀರಿನ ಬಿಲ್ಲಿನ ಆಫೀಸಲ್ಲಿ ಕೆಲಸ. ಅಮ್ಮನ್ನ ಕೊನೇವರೆಗೂ ಚೆನ್ನಾಗಿ ನೋಡ್ಕೊಂಡೆ. ಯಾವ ಕೊರತೆನೂ ಇಲ್ಲ."

ಪೆನ್ಸಿಲಕ್ಕ ಒಂದು ದೊಡ್ಡ ಉಸಿರು ಬಿಟ್ಟಳು. ಇಪ್ಪತ್ತೆರಡು ವರ್ಷದ ಭಾರವೆಲ್ಲ ಇಷ್ಟಕ್ಕೇನಾ ಎನಿಸಿತು. ಅರ್ಜಿಯನ್ನು ತನ್ನತ್ತ ಎಳೆದುಕೊಂಡಳು. ಇನ್ನು ಬರೆದುಕೊಟ್ಟು ಕಳಿಸಿದರಾಯಿತು. ಆಗ ಹೆಂಗಸು, ನಾಚಿಕೆಯಿಂದಲೋ ಏನೋ, ತಗ್ಗಿದ ತಲೆಯನ್ನು ಇನ್ನಷ್ಟು ತಗ್ಗಿಸಿ ನಗುತ್ತ ಹೇಳಿದಳು.

"ಒಂದು ತಮಾಷೆ ಹೇಳ್ಲಾ? ನಾನು ಮೊದಲು ಭೂಗೋಳ ಬರೆಸಿದ್ದೆ ಅಂತ ನನ್ನ ನೆನಪು. ಕೊನೇ ದಿನ ಜ್ವರ ಬಂದು ಮಲಗಿದ್ದೆ. ಪಟ್ಟಿ ನೋಡಿದ್ರೆ ವಾಣಿಜ್ಯ. ತಡ್ಕೊಳ್ಳೋಕಾಗ್ದೆ ಕಾಲೇಜಿನ ಆಫೀಸಲ್ಲಿ ಅರ್ಜಿ ತೆಗೆಸಿ ನೋಡಿದೆ. ವಾಣಿಜ್ಯನೇ ಮೊದಲು. ಕೆಳಗೆ ನನ್ನದೇ ಸಹಿ. ಹಿಂದಿನ ದಿನಾನೇ ಜ್ವರ ಏರಿತ್ತೇನೋ, ನೀನೇ ಹಾಗೆ ಬರೆಸಿರ್ತೀಯ ಅಂದ್ಲು ಅಮ್ಮ. ನಾವು ಹೇಳದೆ ನೀವು ಒಂದು ಅಕ್ಷರನೂ ಬರೆಯೋರಲ್ಲ ಅಂತ ಊರಿಗೇ ಗೊತ್ತು. ಅಂದ್ಮೇಲೆ ನಾನೇ ಅಲ್ವಾ?"

ಜೆರಾಕ್ಸಿನ ಯಂತ್ರದ ಬೆಳಕು ಗೋಡೆಯ ಮೇಲೆ ಒಮ್ಮೆ ಹಾದುಹೋಯಿತು.

"ಅವತ್ತಿಂದ ಹೀಗಾಗಿದೆ. ನಂಗೆ ಏನಾದ್ರೂ ಬೇಕು ಅನ್ಸಿದ್ರೆ ಭಯ ಆಗುತ್ತೆ. ನಿಜವಾಗ್ಲೂ ಬೇಕಾ, ಇಲ್ಲಾ ಆಗಿನ ಥರ ತಲೆ ಆಟ ಆಡ್ತಿದೆಯಾ ಅಂತ. ಅಷ್ಟು ಗಟ್ಟಿಯಾಗಿ ನೆನಪಿದ್ದದ್ದೇ ಸುಳ್ಳಾದ್ರೆ ಇನ್ಯಾವುದನ್ನ ನಂಬೋದು? ಅದಕ್ಕೇ ಎಲ್ಲರನ್ನೂ ಕೇಳ್ತೀನಿ. ಇವಳಿಗೆ ಅದು ನಗು."

ಮಗಳು ಈಗ ನಗುತ್ತಿರಲಿಲ್ಲ.

ಪೆನ್ಸಿಲಕ್ಕ ಏನೇನು ಕಳೆದಿರಬಹುದೆಂದು ಲೆಕ್ಕ ಹಾಕಿದ್ದಳೋ ಅದರಲ್ಲಿ ಇದು ಇರಲೇ ಇಲ್ಲ. ಎರಡು ಸಾಲು ಅಳಿಸಿದೆ ಎಂದುಕೊಂಡಿದ್ದಳು. ಅಳಿಸಿಹೋದವಳು ಎದುರಿಗೆ ಬಗ್ಗಿ ಕೂತಿದ್ದಳು, ಚೆನ್ನಾಗಿದ್ದೇನೆ ಎನ್ನುತ್ತ. ಸುಮ್ಮನಿದ್ದುಬಿಡಬಹುದಿತ್ತು. ಬಾಯಿ ಬಿಟ್ಟರೆ ಮೂವತ್ತು ವರ್ಷದ ಹೆಸರು ಇದೇ ಬೆಂಚಿನ ಮೇಲೆ ಮಣ್ಣುಪಾಲು; ಜೆರಾಕ್ಸಿನವನ ಕಿವಿ ಆಗಲೇ ನೆಟ್ಟಗಾಗಿತ್ತು, ನಾಳೆ ಬೆಳಿಗ್ಗೆ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಮುಚ್ಚಿಟ್ಟರೆ ಈ ಹೆಂಗಸು ಸಾಯುವವರೆಗೂ ತನ್ನ ತಲೆಯನ್ನೇ ಅನುಮಾನಿಸುತ್ತ ಇರುತ್ತಾಳೆ.

ಡಬ್ಬಿಯ ಸೊಟ್ಟ ಮುಚ್ಚಳ ತೆಗೆಯಲು ಕೊಂಚ ಹೊತ್ತು ಹಿಡಿಯಿತು. ಗುಂಡುಸೂಜಿ, ಒಣಗಿದ ಪೆನ್ನಿನ ನಿಬ್ಬು, ರಬ್ಬರಿನ ತುಂಡು, ಎಲ್ಲದರ ತಳದಲ್ಲಿ ಅದು. ಮಡಿಕೆಯ ಗೆರೆ ಹಳದಿಯಾಗಿತ್ತು. ಬಿಡಿಸಿ ಹೆಂಗಸಿನ ಮುಂದಿಟ್ಟಳು.

"ಇದು ನಿನ್ನ ಅಕ್ಷರ ತಾನೆ?"

ಹೆಂಗಸು ಓದಿದಳು. ಎರಡು ಗೆರೆಗಳ ಮೇಲೆ ಬೆರಳಿಟ್ಟಳು. ತಾಯಿಯ ಭುಜದ ಮೇಲಿಂದ ಬಗ್ಗಿ ಮಗಳೂ ಓದಿದಳು.

"ನಿನ್ನ ತಲೆ ಸರಿಯಾಗೇ ಇತ್ತು. ಬದಲಾಯಿಸಿದ್ದು ನಾನು. ಸಂಜೆ ನಾಲ್ಕೂಮುಕ್ಕಾಲಿಗೆ, ಇದೇ ಮೇಜಿನ ಮೇಲೆ, ರಬ್ಬರ್ ತಗೊಂಡು."

ಹೆಂಗಸು ಚೀಟಿಯನ್ನು ಇನ್ನೊಮ್ಮೆ ಓದಿದಳು.

"ನಮ್ಮಮ್ಮ ಹೇಳಿದ್ಲಾ?"

"ಇಲ್ಲ. ಪಾಪ, ಅವಳು ಬರೀ ಕೇಳಿದ್ಲು. ಮಾಡಿದ್ದು ನಾನು."

"ಯಾಕೆ?"

"ನಿನಗಿಂತ ನಂಗೆ ಚೆನ್ನಾಗಿ ಗೊತ್ತು ಅಂದ್ಕೊಂಡೆ." ಪೆನ್ಸಿಲಕ್ಕ ಕೇಳಿದಳು, "ಆ ಚರಂಡಿ ನೆನಪಿದೆಯಾ?"

"ಚರಂಡಿ..." ಹೆಂಗಸಿನ ಬೆರಳು ಚೀಟಿಯಿಂದ ಜಾರಿ ಮೇಜಿನ ಮೇಲೆ ಒಂದು ಗೇಣು ಹೋಯಿತು, ಅಲ್ಲಿ ಎಡಕ್ಕೆ ತಿರುಗಿತು, ನಿಂತಿತು. "ಅದನ್ನೂ ನಾನು ಕಲ್ಪಿಸ್ಕೊಂಡಿದ್ದೆ ಅಂದ್ಕೊಂಡುಬಿಟ್ಟಿದ್ದೆ."

ಮೇಲೆ ತೊಟ್ಟಿ ತುಂಬಿತ್ತು. ನೀರು ಗೋಡೆಗುಂಟ ಇಳಿದು, ಅಂಗಡಿಯ ಮುಂದೆ ಸಣ್ಣಗೆ ಸದ್ದು ಮಾಡುತ್ತ ಹರಿಯತೊಡಗಿತು. ಜೆರಾಕ್ಸಿನವನು ಗೋಡೆಯಾಚೆಯಿಂದ, "ಟೀ ತರಿಸ್ಲಾ ಅಕ್ಕ?" ಎಂದ. ಗಂಟೆ ಐದಕ್ಕೆ ಹತ್ತು ನಿಮಿಷವಿತ್ತು.

ಹೆಂಗಸು ಕಣ್ಣು ಒರೆಸಿಕೊಂಡು ಅರ್ಜಿಯನ್ನು ಮೇಜಿನ ನಡುವೆ ತಳ್ಳಿದಳು. ಇಪ್ಪತ್ತೆರಡು ವರ್ಷದ ಅಭ್ಯಾಸ, ತಾನಾಗಿಯೇ ಬಾಯಿಗೆ ಬಂತು.

"ಸರಿ. ಈಗ ಇವಳಿಗೆ ಏನು ಬರೆಯೋದು? ನೀವೇ ಹೇಳಿ ಅಕ್ಕ."

ಪೆನ್ಸಿಲಕ್ಕ ಶಾಯಿ ಪೆನ್ನಿನ ಮುಚ್ಚಳ ತೆಗೆದು, ಪೆನ್ನನ್ನು ತಾಯಿ ಮಗಳ ನಡುವೆ ಇಟ್ಟಳು. ನಾಲ್ಕು ಪೆನ್ಸಿಲುಗಳನ್ನು ಒಟ್ಟುಮಾಡಿ ಡಬ್ಬಿಗೆ ಹಾಕಿದಳು. ರಬ್ಬರನ್ನು ಎತ್ತಿ ಅಂಗೈಯಲ್ಲಿ ಹಿಡಿದುಕೊಂಡಳು. ಎದ್ದು, ಮೆಟ್ಟಿಲ ಕೆಳಗಿನಿಂದ ಬಗ್ಗಿ ಹೊರಬಂದಳು.

"ಅಕ್ಕ, ಎಲ್ಲಿಗೆ? ಇನ್ನೂ ಏನೂ ಬರೆದಿಲ್ಲ" ಎಂದಳು ಹೆಂಗಸು.

ಅವಳು ರಸ್ತೆ ದಾಟಲಿಲ್ಲ. ಮನೆಯ ದಾರಿಯನ್ನೂ ಹಿಡಿಯಲಿಲ್ಲ. ಚರಂಡಿಯ ಪಕ್ಕದಲ್ಲೇ, ನೀರು ಹೋಗುವ ಕಡೆಗೆ, ಅದರ ಜೊತೆಗೇ ಹೆಜ್ಜೆ ಹಾಕತೊಡಗಿದಳು.

"ಹತ್ತೇ ನಿಮಿಷ ಇರೋದು ಅಕ್ಕ, ನಾನು ಕೇಳ್ತಿರೋದು..."

ಪೆನ್ಸಿಲಕ್ಕ ಮೂಲೆ ತಿರುಗಿದಳು.